ಸ್ಟೇಷನ್ನಿನಲ್ಲಿ ಸೈಕಲ್ಲಿಗೊಂದು ಜಾಗ

ಸ್ಟೇಷನ್ನಿಗೆ ನಡೆದು ಹೋಗುವವರು 12 ನಿಮಿಷದಲ್ಲಿ ಹೆಚ್ಚೆಂದರೆ 1 ಕಿ.ಮೀ. ಸಾಗುತ್ತಾರೆ. ಬೆವರು ಬರದಂತೆ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಪೆಡಲ್ ತುಳಿದರೂ ಅಷ್ಟೇ ಹೊತ್ತಿಗೆ 3 ಕಿ.ಮೀ. ದಾಟಬಹುದು. ದೂರ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು. ಅಷ್ಟು ಮನೆಗಳಿಗೆ ಹೊಸ ಹಳಿ ಹಾಕದೆಯೇ ರೈಲು ಹತ್ತಿರ ಬಂದಂತಾಯಿತು. ಇಷ್ಟಿದ್ದೂ ಜನ ಹಿಂಜರಿಯುವುದು ಬೆಳಿಗ್ಗೆ ನಿಲ್ಲಿಸಿದ ಸೈಕಲ್ ಸಂಜೆಗೆ ಅಲ್ಲೇ ಇರುತ್ತದೋ ಇಲ್ಲವೋ ಅನ್ನೋ ಭಯಕ್ಕೆ.

ಆ ಭಯ ಸುಳ್ಳಲ್ಲ. ಎಷ್ಟೋ ಕಡೆ ಇರುವುದು ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಕಂಬಿ. ಪಕ್ಕದ ಸೈಕಲ್ ವಾಲಿದರೆ ಇಡೀ ಭಾರ ಆ ಒಂದು ಚಕ್ರದ ಮೇಲೆ ಬಿದ್ದು ರಿಮ್ ಸೊಟ್ಟಗಾಗುತ್ತದೆ. ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ, ಕಳ್ಳ ಚಕ್ರ ಕಳಚಿಟ್ಟು ಉಳಿದದ್ದನ್ನು ಹೊತ್ತೊಯ್ಯುತ್ತಾನೆ. ನೆಲಕ್ಕೆ ಗಟ್ಟಿಯಾಗಿ ಹೂತ, ತಲೆಕೆಳಗಾದ ಯು ಆಕಾರದ ಪೈಪು ಸಾಕು: ಎತ್ತರ ಸುಮಾರು 75 ಸೆಂ.ಮೀ., ಒಂದರಿಂದ ಒಂದಕ್ಕೆ 1 ಮೀಟರ್ ಅಂತರ. ಎರಡೂ ಬದಿಗೆ ಒಂದೊಂದು ಸೈಕಲ್ ಒರಗಿ ನಿಲ್ಲುತ್ತದೆ, ಫ್ರೇಮನ್ನೇ ಕಟ್ಟಬಹುದು. ಮೇಲೊಂದು ಸೂರು, ಜನ ಓಡಾಡುವ ಕಡೆ ಜಾಗ. ಇದೇನು ದೊಡ್ಡ ಎಂಜಿನಿಯರಿಂಗ್ ಅಲ್ಲ, ಆದರೂ ಕಾರಿನ ಪಾರ್ಕಿಂಗ್ ಮುಗಿದ ಮೇಲೆ ಉಳಿದ ಮೂಲೆಯೇ ಸೈಕಲ್ಲಿಗೆ ಸಿಗುವುದು. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಸ್ಟೇಷನ್ನಿನ ಅಡಿಯಲ್ಲಿ ಸುಮಾರು 12,500 ಸೈಕಲ್ ನಿಲ್ಲುತ್ತವೆ. ತುಳಿದುಕೊಂಡೇ ಒಳಗೆ ಹೋಗಿ, ನಿಲ್ಲಿಸಿ, ಅಲ್ಲಿಂದಲೇ ಪ್ಲಾಟ್‌ಫಾರ್ಮಿಗೆ ನಡೆಯಬಹುದು.

ಬೀಗದ ವಿಷಯ. ತೆಳ್ಳಗಿನ ಕೇಬಲ್ ಬೀಗ ಸಣ್ಣ ಕಟ್ಟರಿಗೆ ಕ್ಷಣದಲ್ಲಿ ತುಂಡಾಗುತ್ತದೆ. ಯು-ಲಾಕನ್ನು, ಅಂದರೆ ಯು ಆಕಾರದ ಗಟ್ಟಿ ಬೀಗವನ್ನು, ಹಿಂದಿನ ಚಕ್ರ, ಫ್ರೇಮು, ನೆಲದ ಪೈಪು ಮೂರನ್ನೂ ಸುತ್ತಿ ಹಾಕಿ. ಕೇಬಲ್ಲನ್ನು ಮುಂದಿನ ಚಕ್ರಕ್ಕೆ ಬಳಸಿ. ಆ ಬೀಗದ ಒಳಗೆ ಖಾಲಿ ಜಾಗ ಕಮ್ಮಿ ಇದ್ದಷ್ಟೂ ರಾಡು ತೂರಿಸಿ ಮೀಟಲು ಕಷ್ಟ. ಕೀಲಿ ಹಾಕುವ ತೂತು ಕೆಳಮುಖವಾಗಿದ್ದರೆ ಮಳೆನೀರು ಇಳಿಯದು. ಲೈಟು, ಪಂಪು ಬ್ಯಾಗಿಗೆ ಹಾಕಿಕೊಳ್ಳಿ. ಕೈಯಲ್ಲೇ ತಿರುಗಿಸಿ ಬಿಚ್ಚುವ ಸೀಟಿನ ಲಿವರ್ ತೆಗೆದು ಬೋಲ್ಟು ಹಾಕಿಸಿಕೊಳ್ಳುವುದು ವಾಸಿ.

ಸೈಕಲ್ಲನ್ನು ಜೊತೆಗೇ ಒಯ್ಯುವುದಾದರೆ 16 ಅಥವಾ 20 ಇಂಚಿನ ಚಕ್ರದ ಮಡಚುವ ಸೈಕಲ್ಲೇ ಸರಿ. ಕೊಳ್ಳುವ ಮುಂಚೆ ಮಡಚಿ, ಒಂದೇ ಕೈಯಲ್ಲಿ ಹಿಡಿದು ಎರಡು ಮಹಡಿ ಮೆಟ್ಟಿಲು ಹತ್ತಿ ನೋಡಿ; 12 ಕಿಲೋ ಅಂದರೆ ಏನು ಅಂತ ಆಗ ಗೊತ್ತಾಗುತ್ತದೆ. ಚೈನು ಒಳಮಡಿಕೆಗೆ ಬರುವ ಮಾದರಿಯಾದರೆ ಪಕ್ಕದವರ ಬಟ್ಟೆಗೆ ಗ್ರೀಸು ತಾಗದು. ಮಡಚದ ಸೈಕಲ್ಲನ್ನು ರಶ್ ಹೊತ್ತಿನಲ್ಲಿ ಬೋಗಿಯೊಳಗೆ ತಳ್ಳುವ ಹಟ ಬೇಡ, ಅದು ನಾಲ್ಕೈದು ಜನ ನಿಲ್ಲುವ ಜಾಗ ತಿನ್ನುತ್ತದೆ. ಅದಕ್ಕೇ ಹೇಳುವುದು, ಮೊದಲು ಸ್ಟೇಷನ್ ಬಾಗಿಲಲ್ಲಿ ಆ ಯು ಪೈಪುಗಳನ್ನು ಹೂಳಿಸಿ ಅಂತ.