ದೊಡ್ಡ ಕ್ಯೂ, ಚಿಕ್ಕ ಎಲ್

ವೆಬ್‌ಸೈಟು ಚೆನ್ನಾಗಿ ಓಡಿದ ದಿನ ಅದು ಬಳಗದ್ದು, ಕೈ ಕೊಟ್ಟ ದಿನ ಮಾತ್ರ ನಂದು. "ಏನಪ್ಪಾ, ನಿನ್ನ ಸೈಟು ಮತ್ತೆ ಮುನಿಸ್ಕೊಂಡಿದೆ" ಅಂತ ಹಲ್ಲುಜ್ಜೋಕ್ ಮುಂಚೆನೇ ಫೋನು.

ತುಮಕೂರಿನ ಅಮಾನಿಕೆರೆ ಪಾರ್ಕಲ್ಲಿ ವಾಕ್ ಮಾಡೋರದ್ದು ಒಂದು ಬಳಗ ಇದೆ, ಅದಕ್ಕೆ ಅಧ್ಯಕ್ಷರು ರಿಟೈರ್ಡ್ ಲೆಕ್ಕದ ಮೇಷ್ಟ್ರು. ಚಂದಾ ಲೆಕ್ಕ, ಮೀಟಿಂಗ್ ನಡಾವಳಿ, ಟೂರ್ ಫೋಟೋ, ಎಲ್ಲಾ ಸದಸ್ಯರಿಗೆ ಮಾತ್ರ ಕಾಣೋ ಹಂಗೆ ಸೈಟ್ ಬೇಕು ಅಂದ್ರು. ಸೈಟ್ ಕಟ್ಟೋಕೆ ವರ್ಡ್‌ಪ್ರೆಸ್ ಹಾಕಿ, ಸದಸ್ಯರ ಲೆಕ್ಕ ನೋಡ್ಕೊಳ್ಳೋಕೆ ಮೇಲೊಂದು ಮೆಂಬರ್‌ಶಿಪ್ ಪ್ಲಗಿನ್ ಕೂರಿಸಿದೆ. 2003ರಲ್ಲಿ ಬ್ಲಾಗ್ ಬರೆಯೋರಿಗೆ ಅಂತ ಶುರುವಾದ ಸಾಫ್ಟ್‌ವೇರು ಈ ವರ್ಡ್‌ಪ್ರೆಸ್, ಸಬ್‌ಸ್ಕ್ರೈಬರ್‌ನಿಂದ ಅಡ್ಮಿನಿಸ್ಟ್ರೇಟರ್‌ವರೆಗೆ ಬಳಸೋರಿಗೆ ಮಾಮೂಲಾಗಿ ಬರೋದು 5 ದರ್ಜೆ. ನಮ್ಮಲ್ಲೋ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು, ಸಂಘಟನಾ ಕಾರ್ಯದರ್ಶಿ... ಬರೀ ಸದಸ್ಯರು ಬೇಕು ಅಂದ್ರೆ ಹುಡುಕಬೇಕು. ಉಪಾಧ್ಯಕ್ಷರನ್ನ ಎಡಿಟರ್ ಮಾಡಿದ್ದಕ್ಕೆ "ನಾನೇನು ಪೇಪರ್ ನಡೆಸ್ತೀನಾ?" ಅಂತ ಎದುರು ಸಿಕ್ಕರೂ ಮುಖ ಆ ಕಡೆ. ಹಳೇ ಪಟ್ಟಿ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಲ್ಲಿತ್ತು, ಪೇಸ್ಟ್ ಮಾಡಿದ್ರೆ ಹೆಸರೆಲ್ಲ ಟೋಪಿ ಹಾಕ್ಕೊಂಡಿರೋ ಇಂಗ್ಲಿಷ್ ಅಕ್ಷರ. ಅದನ್ನ ಹೆಂಗೋ ಸರಿಮಾಡಿದೆ ಬಿಡಿ.

ಅಸಲಿ ತಲೆನೋವು ಈಮೇಲ್‌ದು. ಇದ್ರಲ್ಲಿ ಒಂದು ವಿಳಾಸಕ್ಕೆ ಒಂದೇ ಖಾತೆ. ನಮ್ಮ ಹಿರಿಯರಿಗೆ ಈಮೇಲ್ ಅಂದ್ರೆ ಮಗ ಫೋನ್ ಕೊಡಿಸಿದಾಗ ಮಾಡಿಕೊಟ್ಟು ಹೋಗಿದ್ದು. "ಎಲ್ಲಾರಿಗೂ ನಂದೇ ಹಾಕಪ್ಪ, ಜವಾಬ್ದಾರಿ ನಂದು" ಅಂದ್ರು ಮೇಷ್ಟ್ರು. ಆಗಲ್ಲ ಸಾರ್ ಅಂದೆ. ಬೆಂಗಳೂರಲ್ಲಿರೋ ಅವರ ಮೊಮ್ಮಗ, ಪುಣ್ಯಾತ್ಮ, ಫೋನಲ್ಲೇ ದಾರಿ ತೋರಿಸ್ಬಿಟ್ಟ: ಜಿಮೇಲ್ ವಿಳಾಸದಲ್ಲಿ ಅಟ್ ಗುರುತಿಗೆ ಮುಂಚೆ ಪ್ಲಸ್ ಹಾಕಿ 1, 2 ಅಂತ ಸೇರಿಸ್ತಾ ಹೋದ್ರೆ ಸೈಟಿಗೆ ಅವೆಲ್ಲ ಬೇರೆಬೇರೆ ವಿಳಾಸ, ಮೇಲ್ ಬಂದು ಬೀಳೋದು ಮಾತ್ರ ಒಂದೇ ಕಡೆ. ಲೆಕ್ಕದ ಮೇಷ್ಟ್ರು, ಪ್ಲಸ್ ಅಂದ್ರೆ ಕೇಳ್ಬೇಕಾ.

ಈಗ ಯಾರು ಪಾಸ್‌ವರ್ಡ್ ಮರೆತ್ರೂ ರೀಸೆಟ್ ಲಿಂಕ್ ಮೇಷ್ಟ್ರ ಮೊಬೈಲಿಗೆ. ವಾಟ್ಸ್ಯಾಪಲ್ಲಿ ಕಳಿಸಿ ಸಾರ್ ಅಂದ್ರೆ "ಅದು ಸೇಫ್ ಅಲ್ಲಪ್ಪ" ಅಂತ ಪಾರ್ಕ್ ಬೆಂಚ್ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಕ್ಲಾಸಲ್ಲಿ ಮಗ್ಗಿ ಹೇಳಿಸೋ ದನೀಲಿ ಫೋನಲ್ಲಿ ಬರೆಸ್ತಾರೆ, ಇಡೀ ಟ್ರ್ಯಾಕಿಗೆ ಕೇಳೋ ಹಂಗೆ. "ಎಚ್ಚು, ಟೀ, ಇನ್ನೊಂದ್ ಟೀ, ಪೀ. ಬರ್ಕೊಂಡ್ರಾ? ದೊಡ್ಡ ಕ್ಯೂ, ಚಿಕ್ಕ ಎಲ್. ಇರಿ ಇರಿ, ಅದು ಎಲ್ಲೋ ಒಂದೋ..." ಸೈಟ್ ವಿಳಾಸ ಬಿಟ್ಟು, ಲಿಂಕಲ್ಲಿರೋ ಗುಟ್ಟಿನ ಕೀ ಒಂದೇ 20 ಅಕ್ಷರ. 18ಕ್ಕೆ ಬರೋ ಹೊತ್ತಿಗೆ ಆ ಕಡೆಯೋರು ತಾಳ್ಮೆಗೆಟ್ಟು "ಪಾಸ್‌ವರ್ಡ್ ಮರೆತಿರಾ?" ಅನ್ನೋದನ್ನ ಇನ್ನೊಂದ್ಸಲ ಒತ್ತಿರ್ತಾರೆ, ಹೊಸ ಲಿಂಕ್ ಹುಟ್ಟಿದ್ರೆ ಹಳೇದಕ್ಕೆ ಕಿಮ್ಮತ್ತಿಲ್ಲ. "ಇನ್‌ವ್ಯಾಲಿಡ್ ಅಂತಿದೆ ಮೇಷ್ಟ್ರೇ." ಮತ್ತೆ ಎಚ್ಚು, ಟೀ, ಇನ್ನೊಂದ್ ಟೀ. ಸಾಲದ್ದಕ್ಕೆ ಬೈಗುಳ ನನಗೆ.

ಚಂದಾ ಮುಗಿದೋರಿಗೆ ರಿಮೈಂಡರ್ ತಾನಾಗೇ ಹೋಗುತ್ತೆ. ಬಟವಾಡಿಯಿಂದ ಬರ್ತಿದ್ದ ಹಿರಿಯರೊಬ್ಬರು ಯುಗಾದಿಗೆ ಮುಂಚೆ ತೀರ್ಕೊಂಡ್ರು, ಅವರ ಹೆಸರಿಗೂ ಹೋಗಿದೆ, ಅಂದ್ರೆ ಮೇಷ್ಟ್ರ ಮೊಬೈಲಿಗೇ. ಅದೊಂದನ್ನ ಅವರು ಯಾರಿಗೂ ಓದಿ ಹೇಳಿಲ್ಲ. ಲೆಕ್ಕ ನೋಡಿದ್ರೆ ಆ ಹೆಸರಲ್ಲಿ ಚಂದಾ ಕಟ್ಟಿದೆ. ಹೆಸರು ತೆಗೀಲಾ ಸಾರ್ ಅಂದೆ. "ಇರ್ಲಿ ಬಿಡಪ್ಪ ಒಂದ್ ವರ್ಷ."

ನಿನ್ನೆ ಹೊಸ ಠರಾವು. ಲಾಗಿನ್ ಎಲ್ಲಾರಿಗೂ ಕಷ್ಟ ಆಗ್ತಿದೆ, ಅದಕ್ಕೆ ಸದಸ್ಯರಿಗೆ ಮಾತ್ರ ಅಂತಿರೋ ಪುಟಗಳನ್ನೆಲ್ಲ ಪ್ರಿಂಟ್ ತೆಗೆಸಿ ಪಾರ್ಕ್ ಗೇಟ್ ಹತ್ರ ಅಂಟಿಸೋದಂತೆ. ಎಡಿಟರ್ ಸಾಹೇಬ್ರು ಆಗ್ಲೇ ಗಮ್ ತಂದಿಟ್ಟಿದಾರೆ.