ಪ್ರೊಸೆಸರ್ ಹೋಲಿಸುವ ಮೊದಲು ಗಿಗಾಹರ್ಟ್ಸ್ ಪಕ್ಕಕ್ಕಿಡಿ

ಹಳೆಯ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕಿಕೊಳ್ಳುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಎರಡೂ ಐ5. ಒಂದರ ಮೇಲೆ 2.5 ಗಿಗಾಹರ್ಟ್ಸ್ ಎಂದಿದೆ, ಇನ್ನೊಂದರ ಮೇಲೆ 1.6. ಮೊದಲನೆಯದೇ ವೇಗ ತಾನೇ?"

ಅಲ್ಲ. ಐ5 ಎಂಬುದು ಇಂಟೆಲ್‌ನ ಪ್ರೊಸೆಸರ್ ಸರಣಿಯೊಂದರ ಹೆಸರು ಅಷ್ಟೆ. 2.5ರದ್ದು 2016ರ ಐ5-7200ಯು. ಅದರಲ್ಲಿರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). 1.6ರದ್ದು 2017ರ ಐ5-8250ಯು. ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು). ಎರಡರ ವಿದ್ಯುತ್ ಮಿತಿಯೂ 15 ವ್ಯಾಟ್. ಒಂದೇ ವರ್ಷದಲ್ಲಿ ಕೋರ್‌ಗಳು ಇಮ್ಮಡಿಯಾದವು, ಹೆಸರು ಮಾತ್ರ ಐ5 ಆಗಿಯೇ ಉಳಿಯಿತು. ಗ್ರಾಹಕ ಗೊಂದಲಕ್ಕೆ ಬೀಳದೆ ಇನ್ನೇನು ಮಾಡಿಯಾನು? 1.6 ಎನ್ನುವುದು ಮೂಲವೇಗ ಅಷ್ಟೆ. ಟರ್ಬೊದಲ್ಲಿ, ಅಂದರೆ ಕೆಲಸ ಬಿದ್ದಾಗ ಚಿಪ್ ತಾತ್ಕಾಲಿಕವಾಗಿ ವೇಗ ಹೆಚ್ಚಿಸಿಕೊಂಡಾಗ, ಅದು 3.4ರವರೆಗೆ ಏರುತ್ತದೆ, ಹಳೆಯದು 3.1ಕ್ಕೇ ನಿಲ್ಲುತ್ತದೆ.

ಲಿನಕ್ಸ್ ಬಳಸುವವರನ್ನು ದಾರಿ ತಪ್ಪಿಸಲು ಬೋಗೊಮಿಪ್ಸ್ ಎಂಬ ಇನ್ನೊಂದು ಅಂಕಿಯೂ ಇದೆ. ಟರ್ಮಿನಲ್‌ನಲ್ಲಿ ಸಿಪಿಯು ವಿವರ ತೆಗೆದರೆ 7200ಯುಗೆ ಸುಮಾರು 5400, 8250ಯುಗೆ 3600 ಎಂದು ತೋರಿಸುತ್ತದೆ. ಅಂದರೆ ನಿಧಾನದ ಚಿಪ್‌ಗೇ ದೊಡ್ಡ ಅಂಕಿ! ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಅತಿ ಸಣ್ಣ ವಿಳಂಬಗಳನ್ನು ಲೆಕ್ಕ ಹಾಕಲು ಇಟ್ಟುಕೊಂಡ ಸಂಖ್ಯೆ ಅದು. ವೇಗದ ಪಂದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಜವಾಗಿ ಅಳೆಯಬೇಕೆಂದರೆ ಕರ್ನಲ್ ಕಂಪೈಲ್ ಮಾಡಿ (ಅದರ ಮೂಲ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸಿ), ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಎರಡೂ ಯಂತ್ರಗಳಲ್ಲಿ ಅದೇ ಆವೃತ್ತಿ, ಅದೇ ಕಾನ್ಫಿಗ್, ಅದೇ ಕಂಪೈಲರ್, ಚಾರ್ಜರ್ ಚುಚ್ಚಿರಲಿ. ಪಕ್ಕದ ಇನ್ನೊಂದು ಟರ್ಮಿನಲ್‌ನಲ್ಲಿ ಪ್ರತಿ ಕೋರ್‌ನ ಮೆಗಾಹರ್ಟ್ಸ್ ಗಮನಿಸುತ್ತಿರಿ. ಮೊದಲ ಕೆಲವು ಸೆಕೆಂಡು ಚಿಪ್ 15 ವ್ಯಾಟ್ ಮೀರಿ ಓಡುತ್ತದೆ. ಆಮೇಲೆ ಫ್ಯಾನ್ ಸದ್ದು ಏರುತ್ತದೆ, ಅಂಕಿಗಳು ಇಳಿಯುತ್ತವೆ. ಎಲ್ಲಿಗೆ ಬಂದು ನಿಂತವೋ ಅದೇ ಆ ಲ್ಯಾಪ್‌ಟಾಪಿನ ನಿಜವಾದ ವೇಗ. ಒಂದೇ ಚಿಪ್ ತೆಳ್ಳನೆಯ ಯಂತ್ರದಲ್ಲಿ ಸೋತು, ದಪ್ಪನೆಯದರಲ್ಲಿ ಗೆಲ್ಲುವುದು ಇದರಿಂದಲೇ. ಅದಕ್ಕಾಗಿಯೇ ಬೆನ್ನುಬೆನ್ನಿಗೆ ಎರಡು ಬಾರಿ ಓಡಿಸಿ, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಕು.

ಚಿಪ್ ಎಷ್ಟು ವೇಗದಲ್ಲಿ ಓಡಬೇಕೆಂದು ನಿರ್ಧರಿಸುವ ನಿಯಮಕ್ಕೆ ಲಿನಕ್ಸ್‌ನಲ್ಲಿ ಗವರ್ನರ್ ಎನ್ನುತ್ತಾರೆ. ಅದು ಯಾವುದಿದೆ ಎಂದೂ ನೋಡಿಕೊಳ್ಳಿ. ಚಿಪ್ಪಿನ ವೇಗ ಬದಲಿಸುವ ಇಂಟೆಲ್‌ನ ಪಿ-ಸ್ಟೇಟ್ ಡ್ರೈವರ್‌ನಲ್ಲಿ 'ಪವರ್‌ಸೇವ್' ಎಂದಿದ್ದರೆ ಹೆದರಬೇಕಾಗಿಲ್ಲ, ಕೆಲಸ ಬಿದ್ದಾಗ ಟರ್ಬೊಗೂ ಹೋಗುತ್ತದೆ. ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಅದೇ ಹೆಸರಿನ ಗವರ್ನರ್ ಚಿಪ್ಪನ್ನು ಅತಿ ಕಡಿಮೆ ವೇಗದಲ್ಲೇ ಕಟ್ಟಿಹಾಕುತ್ತದೆ. ಇದನ್ನು ನೋಡದೆ ಹಾಕಿದ ಹೋಲಿಕೆಯ ಪಟ್ಟಿಗಳನ್ನು ನಾನು ಓದುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಪತ್ರ ಟೈಪ್ ಮಾಡುವವರಿಗೆ, ಫೈರ್‌ಫಾಕ್ಸ್‌ನಲ್ಲಿ ಸುದ್ದಿ ಓದುವವರಿಗೆ 3.1ಕ್ಕೂ 3.4ಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಅವರನ್ನು ಕಾಡುವುದು 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್. ವಿಡಿಯೊ ಎಡಿಟ್ ಮಾಡುವವರಾದರೆ ಕಣ್ಣುಮುಚ್ಚಿ 8250ಯು ತೆಗೆದುಕೊಳ್ಳಿ. ಉಳಿದವರು 7200ಯು ಅಗ್ಗಕ್ಕೆ ಸಿಕ್ಕರೆ, ಉಳಿದ ಹಣವನ್ನು ಎಸ್‌ಎಸ್‌ಡಿ, ರ‍್ಯಾಮ್‌ಗೆ ಹಾಕಿ. ಆದರೆ ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಹಣ ಕೊಡುವ ಮೊದಲು ಹಿಂಬದಿ ಬಿಚ್ಚಿ ತೋರಿಸಲು ಅಂಗಡಿಯವರಿಗೆ ಹೇಳಿ.