ನೋಟರಿ ಪಾರಾಯಣ

27 ದೇಶಗಳ 27 ಬಗೆಯ ಕಂಪನಿ ಕಾನೂನುಗಳಿಂದ ನವೋದ್ಯಮಿಗಳು ಸುಸ್ತಾಗಿದ್ದಾರೆಂದು ಕಂಡುಕೊಂಡ ಯುರೋಪಿಯನ್ ಒಕ್ಕೂಟವು ಅದಕ್ಕೆ ಮದ್ದಾಗಿ 28ನೆಯದೊಂದನ್ನು ಅರೆಯುತ್ತಿದೆ. ಒಕ್ಕೂಟಕ್ಕೆಲ್ಲ ಒಂದೇ ಆಗಿ ನಡೆಯಲಿರುವ ಆ ಕಂಪನಿ ಮಾದರಿಯ ಹೆಸರು ‘ಇಯು ಇಂಕ್’. 2026ರ ಜನವರಿಯಲ್ಲಿ ದಾವೋಸ್‌ನ ವೇದಿಕೆಯಿಂದ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರು 48 ಗಂಟೆಗಳಲ್ಲಿ ಕಂಪನಿ ನೋಂದಣಿಯ ಭರವಸೆ ನೀಡಿದಾಗ, ಜರ್ಮನಿಯ ನೋಟರಿಗಳು ಗಂಟಲು ಸರಿಪಡಿಸಿಕೊಂಡು ಓದು ಮುಂದುವರಿಸಿರಬೇಕು.

ಅಲ್ಲಿ ಜಿಎಂಬಿಎಚ್, ಅಂದರೆ ಸೀಮಿತ ಹೊಣೆಯ ಖಾಸಗಿ ಕಂಪನಿ ಕಟ್ಟಬೇಕಾದರೆ ಸ್ಥಾಪನಾ ಪತ್ರವನ್ನು ನೋಟರಿಯು ಸಂಸ್ಥಾಪಕರ ಮುಂದೆ ಗಟ್ಟಿಯಾಗಿ ಓದಲೇಬೇಕೆಂಬುದು ಕಾನೂನು. ಕರಡನ್ನು ಮೊದಲೇ ತರಿಸಿಕೊಂಡು ನೋಡಿದವರೇ ಮೇಜಿನ ಸುತ್ತ ಕೈಕಟ್ಟಿ ಕುಳಿತಿರುತ್ತಾರೆ. ನೋಟರಿ ಉಸಿರು ಬಿಡದೆ, ಏರಿಳಿತವಿಲ್ಲದೆ ಪುಟ ತಿರುವುತ್ತಾರೆ. ನಮ್ಮ ಸತ್ಯನಾರಾಯಣ ಕಥೆಯಲ್ಲಾದರೂ ಮುಳುಗಿದ ಹಡಗು ಮೇಲೇಳುತ್ತದೆ, ಕೊನೆಗೆ ಸಪಾದ ಭಕ್ಷ್ಯ ಕೈಗೆ ಬರುತ್ತದೆ. ಇಲ್ಲಿ ಕೈಗೆ ಬರುವುದು ಬಿಲ್ಲು. ಸಂಸ್ಥಾಪಕನಿಗೆ ಜರ್ಮನ್ ಬಾರದಿದ್ದರೆ ಅಷ್ಟನ್ನೂ ಬಾಯಿಮಾತಿನಲ್ಲಿ ಅನುವಾದಿಸಿ ಹೇಳಬೇಕಾದ್ದರಿಂದ, ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗೆ ಪುಣ್ಯ ಇಮ್ಮಡಿ. 2022ರ ಆಗಸ್ಟ್‌ನಿಂದ ಈ ಪಾರಾಯಣವನ್ನು ವಿಡಿಯೊ ಕರೆಯಲ್ಲಿಯೂ ಆಲಿಸುವ ಭಾಗ್ಯ ಒದಗಿದೆ. ಡಿಜಿಟಲ್ ಕ್ರಾಂತಿಯೆಂದರೆ ಇದೇ ಇರಬೇಕು.

ಜಿಎಂಬಿಎಚ್‌ಗೆ ಕನಿಷ್ಠ ಬಂಡವಾಳ 25,000 ಯೂರೊ. ಅದರಲ್ಲಿ ಅರ್ಧವನ್ನಾದರೂ ನೋಂದಣಿಗೆ ಮೊದಲೇ ಕಟ್ಟಬೇಕು. ಅಷ್ಟಿಲ್ಲದವರಿಗಾಗಿ 2008ರಲ್ಲಿ, ಒಂದು ಯೂರೊದಿಂದಲೂ ಆರಂಭಿಸಬಹುದಾದ ಯುಜಿ ಎಂಬ ಮಾದರಿಯನ್ನು ಕರುಣಿಸಲಾಯಿತು. ಆದರೆ ಕಂಪನಿಯ ಹೆಸರಿನ ಕೊನೆಗೆ ‘ಸೀಮಿತ ಹೊಣೆಯದು’ ಎಂದು ಸಾರುವ ‘ಹಾಫ್ಟುಂಗ್ಸ್‌ಬೆಶ್ರೆಂಕ್ಟ್’ ಎಂಬ ಪದವನ್ನು ಒಂದಕ್ಷರವೂ ಮೊಟಕುಗೊಳಿಸದೆ ಬರೆಯತಕ್ಕದ್ದು. ಬಡತನವನ್ನು ಸಂಕ್ಷೇಪಿಸಲು ಅನುಮತಿಯಿಲ್ಲ.

ನೋಂದಣಿಯಾದ ಮೇಲೆ ಮೊದಲು ಸ್ಪಂದಿಸುವವರು ವಂಚಕರು. ಸಾರ್ವಜನಿಕ ನೋಂದಣಿ ಪುಸ್ತಕದಿಂದ ವಿಳಾಸ ಹೆಕ್ಕಿ, ಜರ್ಮನ್ ಸರ್ಕಾರದ ಹದ್ದಿನ ಲಾಂಛನದಂತೆಯೇ ಕಾಣುವುದೊಂದನ್ನು ಮುದ್ರಿಸಿ, ‘ನೋಂದಣಿ ಶುಲ್ಕ’ದ ನಕಲಿ ಬಿಲ್ಲನ್ನು ಅಂಚೆಯಲ್ಲಿ ಕಳುಹಿಸುತ್ತಾರೆ. ಅಸಲಿ ತೆರಿಗೆ ಕಚೇರಿಯ ತೆರಿಗೆ ಸಂಖ್ಯೆ ಬರಲು ವಾರಗಟ್ಟಲೆ ಕಾಯಬೇಕು. ಇಡೀ ವ್ಯವಸ್ಥೆಯಲ್ಲಿ ದಕ್ಷರೆಂದರೆ ಕಳ್ಳರೇ ಎಂಬುದು ತಮಾಷೆಯಾಗಿ ನನಗೆ ಕಾಣುತ್ತಿಲ್ಲ. ಕಂಪನಿಯ ಪಾಲೊಂದನ್ನು ಮತ್ತೊಬ್ಬರಿಗೆ ವರ್ಗಾಯಿಸಲು ಮತ್ತೆ ನೋಟರಿ, ಮತ್ತೆ ಓದು, ಮತ್ತೆ ಬಿಲ್ಲು. ಸರಕು ತಯಾರಿಸಬೇಕಾದವರ ದಿನಗಳನ್ನು ಹೀಗೆ ತಿಂದುಹಾಕಿ, ನವೋದ್ಯಮಗಳು ಅಮೆರಿಕಕ್ಕೆ ಏಕೆ ಓಡುತ್ತವೆಂದು ವರದಿ ಬರೆಸುವುದು ನಾಚಿಕೆಗೇಡು.

ಯುರೋಪಿಗೆಲ್ಲ ಒಂದೇ ಖಾಸಗಿ ಕಂಪನಿ ಮಾದರಿ ಇರಲೆಂಬ ಪ್ರಸ್ತಾಪವು 2008ರಲ್ಲಿಯೇ ಬಂದಿತ್ತು. ಸದಸ್ಯ ರಾಷ್ಟ್ರಗಳು ವರ್ಷಗಟ್ಟಲೆ ಚರ್ಚಿಸಿಯೂ ಒಮ್ಮತಕ್ಕೆ ಬಾರದೆ, ಅದನ್ನು ಹಿಂತೆಗೆದುಕೊಳ್ಳಲಾಯಿತು. ನವೋದ್ಯಮಗಳು ಓಡಿಹೋಗುವ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕನಿಷ್ಠ ಬಂಡವಾಳವೂ ಇಲ್ಲ, ಗಟ್ಟಿಯಾಗಿ ಓದಿ ಹೇಳುವವರೂ ಇಲ್ಲ.